ಪುಣ್ಯಾಶ್ರಮವೆಂಬ ಮಕ್ಕಳ ಶಾಲೆ

ಗದುಗಿನ ವೀರೇಶ್ವರ ಪುಣ್ಯಾಶ್ರಮವೆಂದೊಡನೆ ಸಂಗೀತದ ಮಾತು ಬರುತ್ತದೆ, ಬರತಕ್ಕದ್ದೇ. ಆದರೆ ಅದು ಕಣ್ಣಿಲ್ಲದ ಮಕ್ಕಳಿಗೆ ಅನ್ನ, ಆಶ್ರಯ, ವಿದ್ಯೆ ಮೂರನ್ನೂ ಒಂದೆಡೆ ನೀಡಿದ ಶಾಲೆಯೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

1909ರಲ್ಲಿ ಬದಾಮಿಯ ಬಳಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಪೂಜ್ಯ ಹಾನಗಲ್ಲ ಕುಮಾರಸ್ವಾಮಿಗಳ ಕಿವಿಗೆ ಕಾಡಶೆಟ್ಟಿಹಳ್ಳಿಯ ಇಬ್ಬರು ಅಂಧ ಸಹೋದರರ ಹಾಡು ಬಿದ್ದುದೇ ಇದರ ಮೂಲ. ಅವರಲ್ಲಿ ಒಬ್ಬನು 1892ರಲ್ಲಿ ಜನಿಸಿದ ಗದಿಗೆಯ್ಯ. ಅಂದು ಕುರುಡು ಮಗುವಿಗೆ ಉಳಿದಿದ್ದುದು ಮನೆಯ ಮೂಲೆ, ಇಲ್ಲವೆ ಭಿಕ್ಷೆಯ ಜೋಳಿಗೆ. ಸ್ವಾಮಿಗಳು ಕನಿಕರದಿಂದ ಕಾಸು ಕೊಟ್ಟು ಕಳುಹಲಿಲ್ಲ, ಗುರುಗಳನ್ನು ಒದಗಿಸಿದರು. ಮೈಸೂರಿನಲ್ಲಿ ಕರ್ನಾಟಕ ಸಂಗೀತ, ಬಳಿಕ ಮಿರಜಿನ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ. ಗದಿಗೆಯ್ಯ ಪಂಚಾಕ್ಷರಿ ಗವಾಯಿಗಳಾದರು. ತಾವು ಪಡೆದುದನ್ನು ತಮ್ಮಂಥ ಮಕ್ಕಳಿಗೆ ಹಂಚಲು ಹೊರಟರು.

ಬಹುಕಾಲ ಈ ಶಾಲೆಗೆ ಗೋಡೆಗಳೇ ಇರಲಿಲ್ಲ. ಗವಾಯಿಗಳು ಶಿಷ್ಯರೊಡನೆ ಊರೂರು ಸಂಚರಿಸುತ್ತ ಪಾಠ ಹೇಳಿದರು. ಭಕ್ತರ ಕಾಳುಕಡಿ ಸಾಲದಾದಾಗ ನಾಟಕ ಸಂಘವನ್ನೇ ಕಟ್ಟಿದರು. ಮಠದಲ್ಲಿ ಬೆಳೆದ ನಮ್ಮಂಥವರಿಗೆ ನಾಟಕವೆಂದರೆ ಮೂಗು ಮುರಿಯುವ ಅಭ್ಯಾಸ. ಟಿಕೀಟಿನ ಹಣವೇ ಆ ಮಕ್ಕಳ ರೊಟ್ಟಿಯಾಯಿತೆಂದು ತಿಳಿದ ಮೇಲೆ ನಾವು ಆ ಅಭ್ಯಾಸವನ್ನು ಬಿಟ್ಟೆವು. ಕೊನೆಗೆ ಗದುಗಿನಲ್ಲಿ ನೆಲೆ ದೊರೆಯಿತು.

ಪಾಠಕ್ರಮವಾದರೂ ಹೇಗೆ? ಭಾರತೀಯ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ ಅಂಗೀಕೃತವಾದುದು 1951ರಲ್ಲಿ. ಅದಕ್ಕೂ ಮೊದಲು ಕಂಠವೇ ಪುಸ್ತಕ. ಗುರು ಹಾಡಿದುದನ್ನು ಶಿಷ್ಯ ಹಾಡಬೇಕು, ತಪ್ಪಿದರೆ ಮತ್ತೆ ಹಾಡಬೇಕು. ತಬಲೆಯ ಬೋಲು ಮೊದಲು ನಾಲಗೆಗೆ, ಅನಂತರ ಬೆರಳಿಗೆ. ಹಾರ್ಮೋನಿಯಮ್ಮಿನ ಮನೆಗಳನ್ನು ಮುಟ್ಟಿಯೇ ಅರಿಯಬೇಕು. ಪುಸ್ತಕ ಮುಚ್ಚಿದೊಡನೆ ಪಾಠ ಮರೆಯುವ ನಮಗೆ ಈ ಕ್ರಮ ನಾಚಿಕೆ ತರುತ್ತದೆ.

1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದರು. ಹೊಣೆ ಬಿದ್ದುದು ಮೂವತ್ತರ ಹರೆಯದ ಪುಟ್ಟರಾಜ ಗವಾಯಿಗಳ ಮೇಲೆ. ದೇವಗಿರಿಯಲ್ಲಿ 1914ರಲ್ಲಿ ಜನಿಸಿ, ಶೈಶವದಲ್ಲೇ ದೃಷ್ಟಿ ಕಳೆದುಕೊಂಡ ಇವರು ಇದೇ ಶಾಲೆಯ ಮಗು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲಿಯೂ ಗ್ರಂಥ ರಚಿಸಿದರು, ನಾಟಕ ಬರೆದರು, ಹತ್ತಾರು ವಾದ್ಯ ನುಡಿಸಿದರು. 2010ರಲ್ಲಿ ಪದ್ಮಭೂಷಣ ಬಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ, ತೊಂಬತ್ತಾರರ ವಯಸ್ಸಿನಲ್ಲಿ, ಲಿಂಗೈಕ್ಯರಾದರು. ಅರವತ್ತಾರು ವರ್ಷ ಅವರು ಆ ಮಕ್ಕಳ ತಂದೆಯೂ ತಾಯಿಯೂ ಆಗಿದ್ದರು.

ನಮಗೆ ಎಲ್ಲಕ್ಕಿಂತ ದೊಡ್ಡದೆನಿಸುವ ಸಂಗತಿ ಬೇರೊಂದಿದೆ. ಅಂಧರನ್ನು ಬೇರೆ ಕೂರಿಸುವ ಪದ್ಧತಿ ಅಲ್ಲಿ ಬರಲಿಲ್ಲ. ಕಣ್ಣುಳ್ಳ ಮಕ್ಕಳೂ ಅಲ್ಲಿಗೆ ವಿದ್ಯೆ ಬೇಡಿ ಬಂದರು. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. 1953ರಲ್ಲಿ ಜನಿಸಿದ ವೆಂಕಟೇಶ ಕುಮಾರರು ಬಾಲ್ಯದಲ್ಲಿ ಆಶ್ರಮ ಸೇರಿ, 12 ವರ್ಷ ಪುಟ್ಟರಾಜರ ಸನ್ನಿಧಿಯಲ್ಲಿ ಕಲಿತರು. ಜೋಳಿಗೆಯೇ ಗತಿಯೆಂದು ಊರು ನಿರ್ಧರಿಸಿದ್ದ ಮಕ್ಕಳ ಮುಂದೆ ಕಣ್ಣುಳ್ಳವರು ಕೈಕಟ್ಟಿ ಕುಳಿತು ಪಾಠ ಹೇಳಿಸಿಕೊಂಡರು.