ಒಂದೇ ಪುಸ್ತಕ, ಹನ್ನೊಂದು ಓದು



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ಕೊಳೆರೋಗ, ಕಾಂಡಕೊರಕ, ಮೈಲುತುತ್ತದ ದಾಸ್ತಾನು, ಸಾಲದ ಕಂತು ಇವುಗಳ ವಿಷಯ. ಈ ಸಲ ಅವನ್ನೆಲ್ಲ ಬದಿಗಿಟ್ಟು, ನಮ್ಮ ಪಂಚಾಯಿತಿ ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ಸೇರುವ ಹನ್ನೊಂದು ಜನರ ವಿಷಯ ಬರೆಯುತ್ತಿದ್ದೇನೆ. ಕಾರ್ಯದರ್ಶಿಗಳಿಗೆ ಕೆಲಸ ಕಡಿಮೆಯಾಗಿದೆ ಎಂದು ಕೆಲವರು ನಗಬಹುದು. ನಗಲಿ. ಪೂರ್ತಿ ಓದಿ ಆಮೇಲೆ ನಕ್ಕರೆ ನನ್ನ ತಕರಾರಿಲ್ಲ.

ಸಂಘದ ಗೋದಾಮಿನ ಎದುರಿಗಿರುವ ಆ ಹೆಂಚಿನ ಕಟ್ಟಡ ನಮಗೆಲ್ಲ ಪರಿಚಿತವೇ. ಅಡಿಕೆ ಮೂಟೆ ಇಳಿಸಿ ತೂಕದ ಸರದಿ ಬರುವತನಕ ಅಲ್ಲಿ ಹೋಗಿ ಕೂರುತ್ತೇವೆ. ದಿನಪತ್ರಿಕೆಯಲ್ಲಿ ಧಾರಣೆ ನೋಡುತ್ತೇವೆ, ನಿಧನವಾರ್ತೆ ನೋಡುತ್ತೇವೆ, ಎದ್ದು ಬರುತ್ತೇವೆ. ಬೆನ್ನ ಹಿಂದಿನ ಕಪಾಟುಗಳಲ್ಲಿ ಪುಸ್ತಕಗಳಿವೆ ಎಂಬುದು ಗೊತ್ತಿದ್ದರೂ ತಿರುಗಿ ನೋಡಿದವರು ಕಡಿಮೆ. ನೋಡದವರಲ್ಲಿ ನಾನೂ ಒಬ್ಬ.

ಆ ಕಪಾಟು ಯಾರೋ ಕೊಟ್ಟ ದಾನವಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ, ಮನೆಗಂದಾಯದ ಜೊತೆಗೆ ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತಿದ್ದೇವೆ. ಅದು ಈಗ ತೆರಿಗೆಯ ಶೇಕಡಾ 6. ರಸೀದಿ ತೆಗೆದು ನೋಡಿ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. ಬಾಗಿಲ ಮೇಲೆ ಈಗ 'ಅರಿವು ಕೇಂದ್ರ' ಎಂದು ಬರೆದಿದೆ. 2020ರಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ಬಂದು ಶಾಲಾಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಮಕ್ಕಳು ಬರತೊಡಗಿದರು. ದೊಡ್ಡವರು ಮಾತ್ರ ಧಾರಣೆಯ ಪುಟದಲ್ಲೇ ನಿಂತೆವು.

ಮೊದಲ ಸಭೆಯ ಫಜೀತಿ

ಕಳೆದ ವರ್ಷ ಆಷಾಢದ ಒಂದು ಮಧ್ಯಾಹ್ನ ಗ್ರಂಥಾಲಯದ ಮೇಲ್ವಿಚಾರಕಿ ನನ್ನನ್ನು ತಡೆದು ನಿಲ್ಲಿಸಿದರು. "ಸಾರ್, ಓದಿ ಓದಿ ಅಂತ ಮಕ್ಕಳಿಗೆ ಹೇಳ್ತೇವೆ. ಓದುವ ದೊಡ್ಡವರನ್ನು ಒಬ್ಬರನ್ನಾದರೂ ಅವರು ನೋಡಬೇಕಲ್ಲ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಹತ್ತಾರು ಜನ ಸೇರಿ ಒಂದೇ ಪುಸ್ತಕವನ್ನು ಓದಿ, ಒಂದು ಭಾನುವಾರ ಕುಳಿತು ಮಾತಾಡೋಣ ಎಂಬುದು ಅವರ ಸೂಚನೆ. ನಿವೃತ್ತ ಮೇಷ್ಟರೊಬ್ಬರು ಕೂಡಲೇ ಒಪ್ಪಿದರು. ಬೇಡವೆನ್ನಲು ಸಂಕೋಚವಾಗಿ ನಾನೂ ಒಪ್ಪಿದೆ.

ಆರಿಸಿದ ಪುಸ್ತಕ ಶಿವರಾಮ ಕಾರಂತರ 'ಬೆಟ್ಟದ ಜೀವ'. 1943ರಲ್ಲಿ ಬಂದ ಕಾದಂಬರಿ, ಗಾತ್ರದಲ್ಲಿ ಚಿಕ್ಕದು, ಕಥೆ ನಮ್ಮಂಥ ಅಡಿಕೆ ಬೆಳೆಗಾರರದ್ದೇ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ತೋಟ ಎಬ್ಬಿಸಿದ ಗೋಪಾಲಯ್ಯ, ಅವರ ಹೆಂಡತಿ ಶಂಕರಮ್ಮ, ಮನೆ ಬಿಟ್ಟು ಹೋದ ಮಗ ಶಂಭು. ಕಾಲೇಜಿನಲ್ಲಿದ್ದಾಗ ಓದಿದ್ದೆ, ಆಮೇಲೆ ಎರಡು ಸಲ ಓದಿದ್ದೆ. ಹಾಗಾಗಿ ನನಗೆ ಗೊತ್ತಿರುವ ಪುಸ್ತಕ ಎಂಬ ಧೈರ್ಯ.

ಮೊದಲ ಸಭೆ ಕೆಟ್ಟಿತು ಎಂದೇ ಹೇಳಬೇಕು. ಮೇಷ್ಟರು ಕಾರಂತರ ಜೀವನಚರಿತ್ರೆಯನ್ನು ಮುಕ್ಕಾಲು ಗಂಟೆ ಹೇಳಿದರು. ನಾನು ಕಾರ್ಯದರ್ಶಿಯ ಧಾಟಿಯಲ್ಲಿ ವರದಿ ಒಪ್ಪಿಸಿದೆ. ಇಬ್ಬರು ತೂಕಡಿಸಿದರು. ಮೂರನೆಯವರು, ಈ ವಾರ ರಾಶಿ ಅಡಿಕೆಗೆ ಎಷ್ಟಾಯಿತು ಎಂದು ನನ್ನನ್ನು ಕೇಳಿದರು. ಕಾಫಿ ಕುಡಿದು ಎದ್ದೆವು.

ಮುಂದಿನ ತಿಂಗಳು ಮೇಲ್ವಿಚಾರಕಿ ಒಂದು ನಿಯಮ ಮಾಡಿದರು. ಭಾಷಣ ಬೇಡ, ಓದುವಾಗ ನಿಮ್ಮನ್ನು ತಡೆದು ನಿಲ್ಲಿಸಿದ ಒಂದು ಜಾಗ ಹೇಳಿ, ಏಕೆ ನಿಂತಿರಿ ಹೇಳಿ, ಅಷ್ಟು ಸಾಕು. ಪುಸ್ತಕವೂ ಅದೇ ಇರಲಿ ಎಂದರು.

ಎರಡನೆಯ ಸಭೆ

ನಮ್ಮ ಹಿರಿಯ ಸದಸ್ಯರೊಬ್ಬರು ಮೊದಲು ಮಾತಾಡಿದರು. ಗೋಪಾಲಯ್ಯನಂಥ ಛಲ ಈಗ ಯಾರಲ್ಲಿದೆ, ಈಗಿನವರಿಗೆ ಒಂದು ಎಲೆಚುಕ್ಕೆ ರೋಗ ಬಂದರೆ ತೋಟ ಮಾರುವ ಯೋಚನೆ ಎಂದರು. ನಾವು ತಲೆಯಾಡಿಸಿದೆವು.

2020ರಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಇಲ್ಲಿಯೇ ನಿಂತ ಹುಡುಗನೊಬ್ಬ ಇದನ್ನು ಒಪ್ಪಲಿಲ್ಲ. "ಶಂಭು ತಪ್ಪು ಮಾಡಿದ ಅಂತ ಎಲ್ಲರೂ ತೀರ್ಮಾನ ಮಾಡಿಯೇ ಬಂದಿದ್ದೀರಿ. ತೋಟ ಬೇಡ ಅನ್ನುವುದು ಅಪರಾಧವಾ? ನಿನಗೇನು ಬೇಕಪ್ಪಾ ಅಂತ ಕೇಳುವ ತಂದೆ ನಮ್ಮೂರಲ್ಲಿ ಎಷ್ಟು ಜನ ಇದ್ದಾರೆ?" ಎಂದ.

ಮೊಮ್ಮಗಳ ಪುಸ್ತಕ ಬದಲಾಯಿಸಲು ಬಂದು ಬಾಗಿಲ ಹತ್ತಿರ ಕುಳಿತಿದ್ದ ಹಿರಿಯ ಹೆಂಗಸೊಬ್ಬರು ಆಗ ಬಾಯಿ ತೆರೆದರು. ಗಂಡಸರ ಸಭೆಯಲ್ಲಿ ಅವರು ಮಾತಾಡಿದ್ದನ್ನು ನಾನಂತೂ ಕಂಡಿರಲಿಲ್ಲ. "ದುಃಖ ಬಂದಾಗ ಗೋಪಾಲಯ್ಯನವರು ತೋಟಕ್ಕೆ ಹೋಗ್ತಾರೆ, ಗುಡ್ಡ ಹತ್ತುತ್ತಾರೆ. ಶಂಕರಮ್ಮನವರು ಎಲ್ಲಿಗೆ ಹೋಗಬೇಕು? ಅವರಿಗೆ ಒಲೆಯ ಮುಂದೆ ಬಿಟ್ಟರೆ ಬೇರೆ ಜಾಗ ಉಂಟಾ?" ಎಂದರು. ಗೋಪಾಲಯ್ಯನ ಛಲದ ಮಾತು ಅಲ್ಲಿಗೆ ನಿಂತಿತು.

ಇಪ್ಪತ್ತು ವರ್ಷದಿಂದ ನಮ್ಮ ತೋಟದ ಕೊನೆ ತೆಗೆಯುವವರೂ ಅಂದು ಬಂದಿದ್ದರು. ಓದಿದ್ದು ಐದನೇ ತರಗತಿ. ಹೈಸ್ಕೂಲಿನಲ್ಲಿರುವ ಮಗಳು ಗ್ರಂಥಾಲಯದಿಂದ ಪುಸ್ತಕ ಒಯ್ದು ರಾತ್ರಿ ಹೊತ್ತು ಓದಿ ಹೇಳಿದ್ದಳಂತೆ. ಅವರು ಬಹಳ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿ, "ಅಯ್ಯಾ, ಗೋಪಾಲಯ್ಯ ಕಾಡು ಕಡಿದರು, ತೋಟ ಮಾಡಿದರು ಅಂತ ಎಲ್ಲರೂ ಹೇಳ್ತೀರಿ. ಅದು ಒಬ್ಬರ ಕೈಯಲ್ಲಿ ಆಗುವ ಕೆಲಸವಾ?" ಎಂದು ಕೇಳಿದರು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೇಷ್ಟರು ಪುಸ್ತಕ ತೆರೆದು, ಆಳುಗಳ ಪ್ರಸ್ತಾಪ ಬರುವ ಕಡೆಗಳನ್ನು ಹುಡುಕಿ ಓದಿದರು. ಲೇಖಕರು ಅವರನ್ನು ಮರೆತಿರಲಿಲ್ಲ. ಮೂರು ಸಲ ಓದಿದ ನನಗೆ ಮಾತ್ರ ಆ ಸಾಲುಗಳು ಕಂಡಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಆ ಮನುಷ್ಯರ ಹತ್ತಿರ ನಾನು ಹಗ್ಗ, ಏಣಿ, ಕೂಲಿ, ಮಳೆ ಬಿಟ್ಟು ಬೇರೆ ವಿಷಯ ಮಾತಾಡಿದ್ದಿಲ್ಲ ಎಂಬುದೂ ಆಗಲೇ ಹೊಳೆದದ್ದು.

ಇನ್ನೊಂದನ್ನು ಹೇಳಿಬಿಡುತ್ತೇನೆ. ನನ್ನ ಮಗನೂ ಬೆಂಗಳೂರಿನಲ್ಲಿದ್ದಾನೆ. ಭಾನುವಾರ ರಾತ್ರಿ ಅವನ ಫೋನು ಬರುತ್ತದೆ. ಮಳೆ ಎಷ್ಟು, ಧಾರಣೆ ಎಷ್ಟು ಎಂದು ಅವನು ಕೇಳುತ್ತಾನೆ, ನಾನು ಹೇಳುತ್ತೇನೆ. ಆಮೇಲೆ ಫೋನು ಅವನ ತಾಯಿಯ ಕೈಗೆ ಹೋಗುತ್ತದೆ. ಆ ರಾತ್ರಿ ಮಾತ್ರ ನಾನು ಈ ಸಭೆಯ ವಿಷಯ ಹೇಳಿದೆ. ಅವನು ನಕ್ಕು, "ಅಪ್ಪಾ, ನೀವು ಓದಿದ್ದು ಕಾದಂಬರಿಯೋ, ನನ್ನ ಮೇಲಿನ ಆರೋಪಪಟ್ಟಿಯೋ?" ಎಂದ. ಎರಡು ವಾರದಲ್ಲಿ ಅವನೂ ಪುಸ್ತಕ ಕೊಂಡು ಓದಿದ. ನಮ್ಮಿಬ್ಬರಿಗೂ ಇನ್ನೂ ಒಮ್ಮತವಾಗಿಲ್ಲ. ತೋಟ ಮುಂದೆ ಯಾರು ನೋಡುತ್ತಾರೆ ಎಂಬ ಪ್ರಶ್ನೆ ಇದ್ದಲ್ಲೇ ಇದೆ. ಆದರೆ ಈಗ ಆ ಪ್ರಶ್ನೆಯನ್ನು ಬಾಯಿಬಿಟ್ಟು ಮಾತಾಡುತ್ತೇವೆ. ಗೋಪಾಲಯ್ಯ, ಶಂಭು ಎಂದು ಹೆಸರು ಹಿಡಿದು ಹೇಳಿದರೆ ತಂದೆಗೂ ನೋವಿಲ್ಲ, ಮಗನಿಗೂ ನೋವಿಲ್ಲ.

ಬೇರೆ ಕಡೆ ನಡೆದದ್ದು

ಇದೇನೂ ನಾವು ಕಂಡುಹಿಡಿದ ಪದ್ಧತಿಯಲ್ಲ. 1902ರಲ್ಲಿ ಸ್ವೀಡನ್ ದೇಶದ ಲುಂಡ್ ಪಟ್ಟಣದಲ್ಲಿ ಆಸ್ಕರ್ ಓಲ್ಸನ್ ಎಂಬ ಶಿಕ್ಷಕರು ಮದ್ಯಪಾನ ವಿರೋಧಿ ಸಂಘದ ಸದಸ್ಯರನ್ನು ಕೂಡಿಸಿ ಓದುಬಳಗವೊಂದನ್ನು ಆರಂಭಿಸಿದರು. ಉಪನ್ಯಾಸಕರಿಲ್ಲ, ಪರೀಕ್ಷೆಯಿಲ್ಲ, ಪುಸ್ತಕ ಓದಿ ತಾವು ತಾವೇ ಚರ್ಚೆ ಮಾಡುವುದು. ಓದಿ ಮುಗಿದ ಪುಸ್ತಕಗಳು ಸಂಘದಲ್ಲಿಯೇ ಉಳಿದು ಗ್ರಂಥಾಲಯವಾದವು. 1912ರಿಂದ ಅಂಥ ಗ್ರಂಥಾಲಯಗಳಿಗೆ ಅಲ್ಲಿನ ಸರಕಾರ ಸಹಾಯಧನವನ್ನೂ ಕೊಟ್ಟಿತು. ಅಲ್ಲಿ ಓದುಬಳಗದಿಂದ ಗ್ರಂಥಾಲಯ ಹುಟ್ಟಿತು. ನಮ್ಮಲ್ಲಿ ಗ್ರಂಥಾಲಯ ಮೊದಲೇ ಇದೆ, ಬಳಗ ಹುಟ್ಟಬೇಕಾಗಿದೆ.

ಅಮೆರಿಕದ ಸಿಯಾಟಲ್ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ 1998ರಲ್ಲಿ ನ್ಯಾನ್ಸಿ ಪರ್ಲ್ ಎಂಬ ಗ್ರಂಥಪಾಲಕಿ ಊರಿಗೆ ಊರೇ ಒಂದೇ ಪುಸ್ತಕ ಓದಿದರೆ ಹೇಗೆ ಎಂದು ಕೇಳಿದರು. ಅವರು ಆರಿಸಿದ ಕಾದಂಬರಿ, ಶಾಲೆಯ ಬಸ್ಸು ಅಪಘಾತದಲ್ಲಿ ಮಕ್ಕಳನ್ನು ಕಳೆದುಕೊಂಡ ಸಣ್ಣ ಊರೊಂದರ ಕಥೆ. ಆ ಪ್ರಯೋಗವನ್ನು ಆಮೇಲೆ ಅನೇಕ ನಗರಗಳು ಅನುಸರಿಸಿದವು.

ಅಷ್ಟು ದೂರ ಏಕೆ ಹೋಗಬೇಕು? ಸಾಗರ ತಾಲ್ಲೂಕಿನ ಹೆಗ್ಗೋಡು ನಮ್ಮಂಥದೇ ಅಡಿಕೆ ಊರು. ಅಲ್ಲಿ 1949ರಲ್ಲಿ ಆರಂಭವಾದ ನೀನಾಸಂ, ನಾಟಕ ಸಿನಿಮಾಗಳನ್ನು ನೋಡಿದ ಮೇಲೆ ಕುಳಿತು ಅದರ ಬಗ್ಗೆ ಮಾತಾಡುವುದನ್ನು ಹಳ್ಳಿಯವರಿಗೆ ರೂಢಿ ಮಾಡಿಸಿತು. ಅದನ್ನು ಬೆಳೆಸಿದ, 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದ ಕೆ. ವಿ. ಸುಬ್ಬಣ್ಣನವರೂ ಅಡಿಕೆ ಬೆಳೆಗಾರರೇ. ತೋಟದವರಿಗೆ ಇದೆಲ್ಲ ಏಕೆ ಎನ್ನುವವರಿಗೆ ಹೆಗ್ಗೋಡೇ ಉತ್ತರ.

ಆರಂಭಿಸುವವರಿಗೆ

ಬೇರೆ ಊರಿನ ಸದಸ್ಯರು ತಮ್ಮ ಗ್ರಂಥಾಲಯದಲ್ಲಿ ಇದನ್ನು ಆರಂಭಿಸುವುದಾದರೆ, ನಾವು ತಪ್ಪು ಮಾಡಿ ಕಲಿತ ಕೆಲವು ಸಂಗತಿಗಳು ಉಪಯೋಗಕ್ಕೆ ಬರಬಹುದು.

ಎಂಟರಿಂದ ಹದಿನೈದು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಅದು ಮಹಾಸಭೆಯಾಗುತ್ತದೆ. ನಮ್ಮ ಮಹಾಸಭೆ ಹೇಗೆ ನಡೆಯುತ್ತದೆ ಎಂಬುದು ನಿಮಗೂ ಗೊತ್ತು.

ಮೊದಲ ಪುಸ್ತಕ ಚಿಕ್ಕದಿರಲಿ. ಗ್ರಂಥಾಲಯದಲ್ಲಿ ಸಾಮಾನ್ಯವಾಗಿ ಒಂದೇ ಪ್ರತಿ ಇರುತ್ತದೆ. ಮೂರು ನಾಲ್ಕು ಜನ ಕೊಂಡು ಕೈಯಿಂದ ಕೈಗೆ ಸಾಗಿಸಿದರೆ ಸಾಲುತ್ತದೆ. ಓದಲು ಬಾರದವರಿಗೆ, ಕಣ್ಣು ಮಂದವಾದವರಿಗೆ ಮನೆಯ ಮಕ್ಕಳು ಓದಿ ಹೇಳಲಿ. ಅದರಿಂದ ಮಕ್ಕಳಿಗೂ ಲಾಭ.

ಕಾಲ ನೋಡಿ ಇಟ್ಟುಕೊಳ್ಳಿ. ಕೊನೆ ಕೊಯ್ಲು, ಕಾಫಿ ಕೊಯ್ಲು ಶುರುವಾದ ಮೇಲೆ ಯಾರೂ ಬರುವುದಿಲ್ಲ. ಮಳೆಗಾಲವೇ ಪ್ರಶಸ್ತ. ಬೋರ್ಡೋ ಹೊಡೆಯುವ ದಿನಗಳನ್ನು ಮಾತ್ರ ತಪ್ಪಿಸಿ. ಹೊಳವಾದ ಭಾನುವಾರ ಸಭೆ ಇಟ್ಟರೆ ಎಲ್ಲರೂ ಔಷಧಿ ಹೊಡೆಯಲು ಓಡುತ್ತಾರೆ, ನಮಗೆ ಹಾಗೆಯೇ ಆಯಿತು.

ಪ್ರತಿ ಸಲ ಬೇರೆಯವರು ಸಭೆ ನಡೆಸಲಿ. ಮಾತಾಡದವರನ್ನು ಕೆದಕುವುದು ಬೇಡ, ಆದರೆ ಅವರು ಬಾಯಿ ತೆರೆದಾಗ ಉಳಿದವರು ಸುಮ್ಮನಿರಬೇಕು. ಹೆಚ್ಚು ಓದಿದವರಿಗೆ ಇದು ಕಷ್ಟ. ಪದವೀಧರನಾದ ನನ್ನ ಅನುಭವದಿಂದಲೇ ಹೇಳುತ್ತಿದ್ದೇನೆ.

ಸಂಘದ ಪಾಲು

1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಸಹಕಾರಿ ಅಂಗಡಿ ತೆರೆದವರು ನಮ್ಮ ಚಳವಳಿಗೆ ಹಿರಿಯರು. ಹಿಟ್ಟು, ಬೆಣ್ಣೆ, ಸಕ್ಕರೆ ಮಾರುತ್ತಿದ್ದ ಆ ಜನ ತಮ್ಮ ಸಂಘದಲ್ಲಿ ಓದುವ ಕೋಣೆಯನ್ನೂ ಗ್ರಂಥಾಲಯವನ್ನೂ ನಡೆಸಿದರು. ಮಿಗತೆಯಲ್ಲಿ ಶೇಕಡಾ ಎರಡೂವರೆಯನ್ನು ಸದಸ್ಯರ ಶಿಕ್ಷಣಕ್ಕೆಂದು ತೆಗೆದಿಡುವುದು ಅವರ ನಿಯಮವಾಗಿತ್ತು. ಸದಸ್ಯರ ಶಿಕ್ಷಣ ಇಂದಿಗೂ ಸಹಕಾರ ತತ್ವಗಳಲ್ಲಿ ಒಂದು. ನಾವು ಅದನ್ನು ವರ್ಷಕ್ಕೊಂದು ಭಾಷಣ, ಒಂದು ಊಟ ಎಂದು ಮುಗಿಸುತ್ತಿದ್ದೇವೆ.

ಆದ್ದರಿಂದ ಬರುವ ಮಹಾಸಭೆಯ ಮುಂದೆ ಒಂದು ಸಣ್ಣ ಪ್ರಸ್ತಾವ ಇಡಲಿದ್ದೇನೆ. ಪ್ರತಿ ವರ್ಷ ಆರಿಸಿದ ನಾಲ್ಕು ಪುಸ್ತಕಗಳ ತಲಾ ಹತ್ತು ಪ್ರತಿಯನ್ನು ಸಂಘ ಕೊಂಡು ಗ್ರಂಥಾಲಯಕ್ಕೆ ಕೊಡಬೇಕು. ಲೆಕ್ಕ ಹಾಕಿದರೆ ಇದು ಸಂಘಕ್ಕೆ ಭಾರವಾಗುವ ಖರ್ಚಲ್ಲ. ವಿರೋಧಿಸುವವರು ವಿರೋಧಿಸಲಿ. ಆದರೆ ಮೊದಲು ಒಂದು ಭಾನುವಾರ ಬಂದು ಕುಳಿತು ನೋಡಿ ವಿರೋಧಿಸಲಿ ಎಂಬುದು ನನ್ನ ಬೇಡಿಕೆ.

ಮುಂದಿನ ಪುಸ್ತಕ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. 1980ರ ಕಾದಂಬರಿ, ಬರೆದವರು ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿದವರು. ಕಾಫಿ ಬೆಳೆಗಾರ ಸದಸ್ಯರು, ಎಲ್ಲವೂ ಅಡಿಕೆಯವರದ್ದೇ ಆಯಿತು ಎಂದು ದೂರುವ ಕಾರಣವಿಲ್ಲ. ಎರಡನೇ ಸಲದ ಔಷಧಿ ಮುಗಿದ ಮೇಲಿನ ಮೊದಲ ಭಾನುವಾರ, ಮಧ್ಯಾಹ್ನ ಮೂರಕ್ಕೆ ಸಭೆ. ನಮ್ಮ ಕೊನೆ ತೆಗೆಯುವವರು ಈ ಸಲ ಸಭೆ ನಡೆಸಲು ಒಪ್ಪಿದ್ದಾರೆ. ಅವರ ಮಗಳು ಆಗಲೇ ಅರ್ಧ ಓದಿ ಹೇಳಿದ್ದಾಳಂತೆ. ನಾನಿನ್ನೂ ಶುರು ಮಾಡಿಲ್ಲ, ಹಾಗಾಗಿ ಆ ದಿನ ನಾನು ಕೇಳುವವರ ಸಾಲಿನಲ್ಲಿ ಇರುತ್ತೇನೆ. ತಾವೂ ಬನ್ನಿ. ಕಾಫಿ ಸಂಘದ ಲೆಕ್ಕದಲ್ಲಲ್ಲ, ನನ್ನ ಲೆಕ್ಕದಲ್ಲಿ.

— ಕಾರ್ಯದರ್ಶಿ