ಗಿರಾಕಿ ತುಂಬಿದರೂ ಗಲ್ಲಾ ಖಾಲಿ!

ದಾವಣಗೆರೆ: ಸಂಜೆಯಾದರೆ ನಿಲ್ಲಲು ಜಾಗವಿಲ್ಲದಷ್ಟು ಗಿರಾಕಿ. ಮಿರ್ಚಿ ಖಾಲಿ, ಮಂಡಕ್ಕಿ ಖಾಲಿ. ತಿಂಗಳ ಕೊನೆಗೆ ನೋಡಿದರೆ ಗಲ್ಲಾನೂ ಖಾಲಿ! ಇದೇನು ಮಾಯವೋ?

ಬಸ್ ನಿಲ್ದಾಣದ ಹತ್ತಿರದ ಮಂಡಕ್ಕಿ-ಮಿರ್ಚಿ ಅಂಗಡಿ ಯಜಮಾನರೊಬ್ಬರು ಮೊನ್ನೆ ನಮ್ಮೆದುರು ಇದೇ ಗೋಳು ತೋಡಿಕೊಂಡರು. "ರೇಟು ಐದು ರೂಪಾಯಿ ಏರಿಸಿದ್ರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನ್ರಿ. ಕೆಲಸದ ಹುಡುಗನ್ನ ಬಿಡಿಸ್ಲೋ, ಅಂಗಡಿ ಬಾಗಿಲೇ ಹಾಕ್ಲೋ, ನೀವೇ ಹೇಳ್ರಿ ಸರ" ಅಂದರು. ಆ ಹುಡುಗ ಇಪ್ಪತ್ತು ದಾಟಿದವನು, ಅವನ ಸಂಬಳದಲ್ಲೇ ಮನೆ ನಡೆಯಬೇಕು. ಎರಡೂ ಬೇಡ ಎಂದು ಅರ್ಧ ದಿನ ಅಲ್ಲೇ ಬೆಂಚಿನ ಮೇಲೆ ಕುಳಿತೆವು. ಕಂಡದ್ದಿಷ್ಟು.

ಒಂದು ಒಬ್ಬೆ ತೆಗೆದು ಇನ್ನೊಂದು ಹಾಕುವವರೆಗೂ ಒಲೆ ಭರ್ರೆಂದು ಉರಿಯುತ್ತಿತ್ತು. ಗ್ಯಾಸೂ ದಂಡ, ಎಣ್ಣೆಯೂ ದಂಡ. ಉದುರಿದ ಹಿಟ್ಟು ಬಾಣಲೆಯಲ್ಲೇ ಸುಟ್ಟು ಕರಕಲಾದರೆ ಎಣ್ಣೆ ಬೇಗ ಕೆಡುತ್ತದೆ. ಆಗಾಗ ಅದನ್ನು ಜಾಲರಿಯಲ್ಲಿ ತೆಗೆದುಹಾಕಲು ಖರ್ಚೇನಿಲ್ಲ. ಉರಿ ಹಳದಿಯಾಗಿ ಪಾತ್ರೆ ಮಸಿ ಹಿಡಿದರೆ ಬರ್ನರ್ ಕಟ್ಟಿಕೊಂಡಿದೆ ಅಂತಲೇ ಲೆಕ್ಕ. ಉರಿ ನೀಲಿ ಇರಬೇಕು.

ಇನ್ನು ಕರೆಂಟು. 60 ವ್ಯಾಟಿನ ನಾಲ್ಕು ಹಳೇ ಬಲ್ಬು ದಿನಕ್ಕೆ 10 ಗಂಟೆ ಉರಿದರೆ 2.4 ಯೂನಿಟ್. 9 ವ್ಯಾಟಿನ ನಾಲ್ಕು ಎಲ್‌ಇಡಿಗೆ ಅರ್ಧ ಯೂನಿಟ್ಟೂ ಬೇಡ. ತಿಂಗಳಿಗೆ 60 ಯೂನಿಟ್ ಉಳಿತಾಯ. ಗ್ರೈಂಡರ್ ಮಾರಿ ವರ್ಷವಾದರೂ ಮಂಜೂರಾದ ಲೋಡು ಹಳೆಯದೇ ಇದ್ದರೆ ಕಿಲೋವ್ಯಾಟ್ ಲೆಕ್ಕದ ನಿಗದಿತ ಶುಲ್ಕ ಬೀಳುತ್ತಲೇ ಇರುತ್ತದೆ. ಅರ್ಜಿ ಕೊಟ್ಟು ಇಳಿಸಿಕೊಳ್ಳಿ.

ದೊಡ್ಡ ತೂತು ಬೇರೆ ಕಡೆ ಇತ್ತು. ಸಂಜೆ ಐದಕ್ಕೆ ಬೈಕಿನಲ್ಲಿ ಒಬ್ಬ ಬಂದ, ನೂರು ರೂಪಾಯಿ ಎಣಿಸಿಕೊಂಡು ಹೋದ. ಕೈಗೆ 9,000 ಕೊಟ್ಟು, ದಿನಕ್ಕೆ 100ರಂತೆ 100 ದಿನ ವಸೂಲಿ. ಸಾವಿರ ತಾನೇ ಎನ್ನಬೇಡಿ ಸ್ವಾಮಿ! ಅಸಲು ದಿನಾ ಕರಗುತ್ತಿರುವುದರಿಂದ ಕೈಲಿ ಉಳಿಯುವುದು ಸರಾಸರಿ ನಾಲ್ಕೂವರೆ ಸಾವಿರ. ವರ್ಷದ ಲೆಕ್ಕ ಹಾಕಿದರೆ ಬಡ್ಡಿ ಶೇ. 80ರ ಆಸುಪಾಸು! 2015ರಲ್ಲಿ ಶುರುವಾದ ಮುದ್ರಾ ಯೋಜನೆಯ 'ಶಿಶು' ಸಾಲ 50,000ದವರೆಗೆ ಅಡಮಾನವಿಲ್ಲದೆ ಸಿಗುತ್ತದೆ. ಬ್ಯಾಂಕಿಗೆ ನಾಲ್ಕು ಸಲ ಅಲೆದರೂ ನಷ್ಟವಿಲ್ಲ.

ಉಳಿತಾಯವೆಂದು ತಪ್ಪು ದಾರಿ ಹಿಡಿಯುವವರೂ ಇದ್ದಾರೆ. ಅದೇ ಎಣ್ಣೆಯಲ್ಲಿ ದಿನಗಟ್ಟಲೆ ಕರಿಯುವುದು ಗಿರಾಕಿಯ ಹೊಟ್ಟೆಗೆ ಕೊಡುವ ಏಟು. ಕೆಟ್ಟ ಎಣ್ಣೆಗೆ 2018ರ ಜುಲೈ 1ರಿಂದ ಕಾನೂನಿನ ಮಿತಿಯೇ ಇದೆ. ಮನೆಯ 14.2 ಕೆ.ಜಿ. ಸಿಲಿಂಡರ್ ಅಂಗಡಿ ಒಲೆಗೆ ಹಚ್ಚುವಂತಿಲ್ಲ. ಅಗ್ಗದ ಸಂಬಳಕ್ಕೆ ಸಿಗುತ್ತಾರೆಂದು ಎಳೆ ಮಕ್ಕಳನ್ನು ಇಟ್ಟುಕೊಳ್ಳುವುದು ಹೋಟೆಲು, ಢಾಬಾಗಳಲ್ಲಿ 2006ರ ಅಕ್ಟೋಬರ್ 10ರಿಂದಲೇ ನಿಷಿದ್ಧ.

ಲೆಕ್ಕ ಕೇಳಿ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಷ್ಟು ದಿನ ಹುಡುಗನ ಸಂಬಳನೇ ಕಣ್ಣಿಗೆ ಬೀಳ್ತಿತ್ತು ನೋಡ್ರಿ" ಅಂದರು.

ಹುಡುಗ ಕೆಲಸದಲ್ಲೇ ಇದ್ದಾನೆ. ಈಗ ಅವನ ಕೈಲಿ ಜಾಲರಿ, ಯಜಮಾನರ ಕೈಲಿ ನೂರು ಪುಟದ ಲೆಕ್ಕದ ಪುಸ್ತಕ. ನಿಮ್ಮ ಅಂಗಡಿಯ ತೂತು ಎಲ್ಲಿದೆ? ಇವತ್ತು ರಾತ್ರಿ ಷಟರ್ ಎಳೆಯುವ ಮುಂಚೆ ಒಮ್ಮೆ ನೋಡಿ.