ಮುಂಗಾಜಿನ ಗಾಯವೂ ಅದರೊಳಗಣ ಗಾಳಿಗುಳ್ಳೆಯೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ಕಾರು ನಡೆಸುವವರಾಗಿದ್ದಾರೆ. ಗುಬ್ಬಿಯಿಂದಲೂ ಕುಣಿಗಲಿನಿಂದಲೂ ಮಕ್ಕಳನ್ನು ಕೂರಿಸಿಕೊಂಡು ತುಮಕೂರಿಗೆ ಬರುವ ತಂದೆತಾಯಿಗಳೂ ಉಂಟು. ಜಲ್ಲಿ ಹೊತ್ತ ಲಾರಿಯ ಹಿಂದೆ ಸಿಕ್ಕಿಕೊಂಡವರಿಗೆ ‘ಟಕ್’ ಎಂಬ ಆ ಸದ್ದಿನ ಪರಿಚಯವನ್ನು ನಾವು ಮಾಡಿಕೊಡಬೇಕಾದುದಿಲ್ಲ. ಮುಂಗಾಜಿನಲ್ಲಿ, ಎಂದರೆ ವಿಂಡ್‌ಷೀಲ್ಡಿನಲ್ಲಿ, ಕಡಲೆಕಾಳಿನಷ್ಟು ಗಾಯವಾಗುವುದು. ಇಂದು ನೋಡೋಣ, ನಾಳೆ ನೋಡೋಣವೆಂದು ಬಿಟ್ಟರೆ, ಬಿಸಿಲಲ್ಲಿ ಕಾದ ಗಾಜಿಗೆ ಏ.ಸಿ.ಯ ತಣ್ಣನೆಯ ಗಾಳಿ ತಗುಲಿದ ಒಂದು ದಿನ ಬಿರುಕು ಗಾಜಿನ ಉದ್ದಕ್ಕೂ ಓಡುವುದು. ಆಮೇಲೆ ಇಡೀ ಗಾಜನ್ನೇ ಬದಲಿಸದೆ ಗತಿಯಿಲ್ಲ.

ಗಾಯವು ಚಿಕ್ಕದಾಗಿರುವಾಗಲೇ ಅದರೊಳಗೆ ರೆಸಿನ್ ಎಂಬ ದ್ರವವನ್ನು ತುಂಬಿ ಗಟ್ಟಿಮಾಡಿಸುವುದು ಲೇಸು. ಆದರೆ ಹಾಗೆ ಮಾಡಿಸಿಕೊಂಡವರಲ್ಲಿಯೂ ಕೆಲವರು, ‘ದುಡ್ಡು ಕೊಟ್ಟದ್ದಾಯಿತು, ಕಲೆ ಮಾತ್ರ ಹಾಗೆಯೇ ಬೆಳ್ಳಗೆ ಮಿನುಗುತ್ತದೆ’ ಎಂದು ದೂರುವುದುಂಟು. ಹಾಗೆ ಮಿನುಗುವುದು ಬಹುಮಟ್ಟಿಗೆ ಒಳಗೆ ಸೆರೆಸಿಕ್ಕ ಗಾಳಿಯೇ.

ಮುಂಗಾಜು ಒಂದೇ ಹಲಗೆಯಲ್ಲ. ಎರಡು ಗಾಜಿನ ಹಾಳೆಗಳ ನಡುವೆ ಪಾಲಿವಿನೈಲ್ ಬ್ಯುಟಿರಾಲ್ ಎಂಬ, ಸುಮಾರು ಮುಕ್ಕಾಲು ಮಿಲಿಮೀಟರು ದಪ್ಪದ ತಿಳಿಯಾದ ಪೊರೆಯನ್ನಿಟ್ಟು ಬೆಸೆದದ್ದು. ಪೊರೆಯಿಟ್ಟು ಬೆಸೆದ ಇಂತಹ ಗಾಜಿಗೆ ೧೯೦೯ರಲ್ಲಿ ಪೇಟೆಂಟು ಪಡೆದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಎಡ್ವಾರ್ ಬೆನೆಡಿಕ್ಟಸ್. ನಮ್ಮ ದೇಶದ ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಮುಂಗಾಜು ಈ ಜಾತಿಯದೇ ಆಗಿರತಕ್ಕದ್ದೆಂದು ವಿಧಿಸಿವೆ. ಸಣ್ಣ ಕಲ್ಲು ಸಾಮಾನ್ಯವಾಗಿ ಹೊರಹಾಳೆಯನ್ನು ಮಾತ್ರ ಒಡೆಯುವುದು. ಪೊರೆಯೂ ಒಳಹಾಳೆಯೂ ಕೆಡದೆ ಉಳಿಯುವುವು. ಆದುದರಿಂದ ಆ ಗಾಯವು ಒಂದೇ ಬಾಗಿಲಿನ ಕೋಣೆಯಂತೆ. ರೆಸಿನ್ ಒಳಹೋಗಬೇಕಾದುದೂ ಗಾಳಿ ಹೊರಬರಬೇಕಾದುದೂ ಅದೇ ಬಾಗಿಲಿನಿಂದ.

ಎಣ್ಣೆ ಸೋಕಿದ ಕಾಗದವು ತಿಳಿಯಾಗಿ ಕಾಣುವುದನ್ನು ಎಲ್ಲರೂ ಕಂಡಿದ್ದೇವೆ. ನಾರುಗಳ ನಡುವಣ ಗಾಳಿಯ ಜಾಗದಲ್ಲಿ ಎಣ್ಣೆ ನಿಂತದ್ದರಿಂದ ಬೆಳಕು ಚದರದೆ ಸಾಗುವುದು. ಗಾಜಿನ ವಕ್ರೀಭವನಾಂಕವು ಸುಮಾರು ೧.೫, ಗಾಳಿಯದು ೧. ರೆಸಿನ್ನನ್ನು ಗಾಜಿಗೆ ಸರಿಹೊಂದುವಂತೆಯೇ ತಯಾರಿಸಿರುತ್ತಾರೆ. ರೆಸಿನ್ ತುಂಬಿದೆಡೆ ಗಾಯವು ಬಹುಪಾಲು ಮಾಯವಾಗುವುದು, ಗಾಳಿ ಉಳಿದೆಡೆ ಬೆಳ್ಳಿಯ ಚುಕ್ಕೆಯಂತೆ ಹೊಳೆಯುವುದು. ಸಂಜೆ ತುಮಕೂರಿನಿಂದ ಗುಬ್ಬಿಯ ಕಡೆಗೆ, ಎಂದರೆ ಪಡುವಣಕ್ಕೆ ಮುಖಮಾಡಿ ಬರುವಾಗ ಇಳಿಬಿಸಿಲು ಆ ಚುಕ್ಕೆಗೆ ತಾಗಿ ಚೆಲ್ಲಿದರೆ, ದಾರಿ ದಾಟುವ ಮಗುವು ಒಂದು ಕ್ಷಣ ಕಾಣದೆ ಹೋಗಬಹುದು. ಇಷ್ಟೇ ಅಲ್ಲ. ಗಾಳಿ ಇದ್ದೆಡೆ ಗಾಜು ಗಾಜಿಗೆ ಅಂಟಿರುವುದಿಲ್ಲವಾದ ಕಾರಣ, ಬಿರುಕು ಅಲ್ಲಿಂದಲೇ ಮತ್ತೆ ಬೆಳೆಯಲು ಅವಕಾಶವುಂಟು.

ಹಾಗಾದರೆ ಗಾಳಿಯನ್ನು ಹೊರಡಿಸುವ ಬಗೆ ಹೇಗೆ? ಲಾಳಿಕೆಯು ಸೀಸೆಯ ಬಾಯಿಗೆ ಬಿಗಿಯಾಗಿ ಕೂತರೆ ಎಣ್ಣೆ ಇಳಿಯದೆ ನಿಲ್ಲುವುದು; ತುಸು ಎತ್ತಿ ಹಿಡಿದರೆ ಗಾಳಿಗೆ ದಾರಿಯಾಗಿ ಎಣ್ಣೆ ಇಳಿಯುವುದು. ಗಾಜಿನ ಗಾಯದಲ್ಲಿ ಹೀಗೆ ಎತ್ತಿ ಹಿಡಿಯುವಂತಿಲ್ಲ. ಅದಕ್ಕೆ ಬದಲಾಗಿ, ಗಾಯದ ಬಾಯಿಗೆ ಇಂಜೆಕ್ಟರ್ ಎಂಬ ಸಣ್ಣ ಕೊಳವೆಯನ್ನು ಒತ್ತಿ ನಿಲ್ಲಿಸಿ, ರೆಸಿನ್ ಹಾಕಿ, ಮೊದಲು ಗಾಳಿಯನ್ನು ಹೀರುತ್ತಾರೆ. ಒತ್ತಡವು ಹತ್ತರಲ್ಲೊಂದು ಪಾಲಿಗೆ ಇಳಿದರೆ ಒಳಗಣ ಗಾಳಿ ಹತ್ತರಷ್ಟು ಹಿಗ್ಗಿ, ಬಹುಭಾಗವು ರೆಸಿನ್ನಿನ ಮೂಲಕ ಗುಳ್ಳೆಗುಳ್ಳೆಯಾಗಿ ಮೇಲೇಳುವುದು. ಬಳಿಕ ಹೀರುವುದನ್ನು ಬಿಟ್ಟು ಒತ್ತಿದರೆ ಉಳಿದ ಗಾಳಿ ಕುಗ್ಗಿ, ಆ ಜಾಗಕ್ಕೆ ರೆಸಿನ್ ನುಗ್ಗುವುದು. ಶಾಲೆಯಲ್ಲಿ ಬಾಯಲನ ನಿಯಮವನ್ನು ಕಂಠಪಾಠಮಾಡಿ ಬೇಸತ್ತವರು ಇಲ್ಲಿ ಅದರ ಪ್ರಯೋಜನವನ್ನು ಕಾಣಬಹುದು. ಒಂದು ಸಲಕ್ಕೆ ಮುಗಿಯದು. ಹೀರುವುದು, ಒತ್ತುವುದು, ಇವನ್ನು ಹಲವು ಸಲ ತಾಳ್ಮೆಯಿಂದ ಮಾಡಬೇಕು. ನಕ್ಷತ್ರದಂತೆ ಕಾಲು ಚಾಚಿದ ಗಾಯವಾದರೆ ಕಾಲುಗಳ ತುದಿಯೇ ಕಡೆಗೆ ತುಂಬುವುದು, ಅಲ್ಲಿಯೇ ಅವಸರಗಾರನ ಗುಟ್ಟು ಬಯಲಾಗುವುದು.

ನಮ್ಮ ಊರುಗಳಲ್ಲಿ ಈ ಕೆಲಸವನ್ನು ಕೆಡಿಸುವ ಮುಖ್ಯ ಶತ್ರು ಬಿಸಿಲೆಂದು ನಮ್ಮ ಅಭಿಪ್ರಾಯ. ರೆಸಿನ್ ಗಟ್ಟಿಯಾಗುವುದು ಅತಿನೇರಳೆ ಕಿರಣದಿಂದ. ಬಿಸಿಲಿನಲ್ಲಿ ಆ ಕಿರಣ ಧಾರಾಳವಾಗಿದೆ. ರಸ್ತೆಬದಿಯಲ್ಲಿ ನಿಲ್ಲಿಸಿ ಕೆಲಸಮಾಡಿದರೆ, ದ್ರವವು ತುದಿ ಮುಟ್ಟುವ ಮೊದಲೇ ಬಾಯಿಯ ಬಳಿ ಗಟ್ಟಿಯಾಗಿ ಗಾಳಿಗೆ ಬೀಗ ಹಾಕಿದಂತಾಗುವುದು. ಮರದ ನೆರಳೂ ಸಾಲದು, ಷೆಡ್ಡಿನೊಳಗೇ ಮಾಡಿಸತಕ್ಕದ್ದು. ಕಾದ ಗಾಜು ಹಿಗ್ಗಿ ಬಿರುಕನ್ನು ಮುಚ್ಚಿಕೊಳ್ಳುವುದರಿಂದ ಮೊದಲು ಅದನ್ನು ತಾನಾಗಿಯೇ ಆರಲು ಬಿಡಬೇಕು. ಆತುರಪಟ್ಟು ತಣ್ಣೀರು ಎರಚಿದರೆ ಬಿರುಕು ಓಡೀತು. ನೀರಿನ ಪಸೆಯೂ ಕೆಟ್ಟದ್ದು. ಕಾರು ತೊಳೆಸಿ ನೇರವಾಗಿ ರಿಪೇರಿಗೆ ಒಯ್ಯುವುದು ಬೇಡ. ಬಿರುಕಿನ ನೀರು ರೆಸಿನ್ನಿನೊಡನೆ ಬೆರೆಯದು, ಹೀರುವಾಗ ಆವಿಯಾಗಿ ಹೊಸ ಗುಳ್ಳೆಗಳನ್ನೇ ಹುಟ್ಟಿಸುವುದು. ರೆಸಿನ್ನಿನ ಸೀಸೆಯನ್ನು ಔಷಧದ ಸೀಸೆಯಂತೆ ಕುಲುಕುವುದೂ ಸಲ್ಲದು.

ದೀಪ ಹಿಡಿದು ಗಟ್ಟಿಮಾಡುವ ಮುನ್ನ, ಗಾಜಿನ ಹಿಂದೆ ಕಪ್ಪು ಬಟ್ಟೆ ಹಿಡಿದು ಓರೆಯಾಗಿ ಟಾರ್ಚು ಬಿಟ್ಟು ನೋಡಲು ಕೆಲಸದವನನ್ನು ಕೇಳಿರಿ. ಕೇಳಲು ಸಂಕೋಚ ಬೇಡ. ಒತ್ತಡ ಬದಲಿಸಿದಾಗ ಅಲುಗುವ ದುಂಡನೆಯ ಅಂಚು ಕಂಡರೆ ಅದು ಗುಳ್ಳೆ, ಮತ್ತೊಮ್ಮೆ ಹೀರಬೇಕು. ಕಾಲಿನ ತುದಿ ತುಂಬದಿದ್ದರೆ ಒಳಗಿನಿಂದ ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದಾಗ ಬಿರುಕು ಕೂದಲೆಳೆಯಷ್ಟು ಬಿಚ್ಚಿಕೊಂಡು ರೆಸಿನ್ ಹರಿಯುವುದುಂಟು. ಗಟ್ಟಿಯಾದ ಮೇಲೆ ಗುಳ್ಳೆಯನ್ನು ತೆಗೆಯಬೇಕಾದರೆ ಗಾಜನ್ನು ಮತ್ತೆ ಕೊರೆಯಬೇಕು, ಅದೂ ಯಾವಾಗಲೂ ಫಲಿಸದು.

ಎಲ್ಲ ಸರಿಯಾಗಿ ನಡೆದರೂ ಮಸುಕಾದ ಒಂದು ಗುರುತು ಉಳಿಯುವುದು. ಆದಕಾರಣ ನಡೆಸುವವರ ಕಣ್ಣಿನ ನೇರಕ್ಕೇ ಇರುವ ಗಾಯವನ್ನೂ, ಅಂಚಿಗೆ ತಾಗಿದ ಬಿರುಕನ್ನೂ, ಒಳಹಾಳೆಯವರೆಗೆ ಒಡೆದುದನ್ನೂ ತುಂಬಿಸುವ ಯೋಚನೆ ಬಿಟ್ಟು ಗಾಜು ಬದಲಿಸುವುದೇ ಯುಕ್ತ. ಉಳಿದ ಗಾಯಗಳ ವಿಷಯದಲ್ಲಿ, ಅಂಗಡಿಗೆ ಹೋಗುವವರೆಗೆ ಅದರ ಮೇಲೆ ಒಂದು ತುಂಡು ತಿಳಿ ಟೇಪನ್ನು ಅಂಟಿಸಿಡಿರಿ. ಧೂಳೂ ನೀರೂ ಒಳಸೇರವು.